ತಲೆಯ ಮೇಲೊಂದು ಸೂರು

ಅಕ್ಕಂದಿರೇ,

ಹಿಂದಿನ ಪಾಠದಲ್ಲಿ ನಾವು ಬಸ್ಸಿನ ಬೋರ್ಡು ಓದಲು ಕಲಿತೆವು. ಕಲಿತದ್ದು ಉಪಯೋಗಕ್ಕೆ ಬರಬೇಕಲ್ಲ? ಅದಕ್ಕಾಗಿ ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದ ಒಂಬತ್ತು ಮಂದಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋದೆವು. "ಸುರತ್ಕಲ್", "ಕಂಕನಾಡಿ", "ಉಳ್ಳಾಲ" ಎಂದು ಅಕ್ಕಂದಿರು ಒಂದೊಂದೇ ಬೋರ್ಡು ಓದಿದರು. ಎಲ್ಲರಿಗೂ ಖುಷಿಯೋ ಖುಷಿ.

ಅದು ಆಟಿ ತಿಂಗಳು. ಆಟಿಯ ಮಳೆ ನಿಮಗೆ ಗೊತ್ತೇ ಉಂಟು. ಸುರಿಯಲು ಶುರುವಾದರೆ ನಿಲ್ಲುವುದಿಲ್ಲ. ನಾವು ಓಡಿ ಹೋಗಿ ಒಂದು ಅಂಗಡಿಯ ಜಗಲಿಯಲ್ಲಿ ನಿಂತೆವು.

ಜಗಲಿಯ ಮೇಲೆ ಒಂದು ಸಂಸಾರ

ಆ ಜಗಲಿಯಲ್ಲಿ ಮೊದಲೇ ಒಬ್ಬ ಹೆಂಗಸು ಕೂತಿದ್ದಳು. ಜೊತೆಗೆ ಎರಡು ಮಕ್ಕಳು, ಎರಡು ಗಂಟು, ಒಂದು ಪಾತ್ರೆ. ಸಣ್ಣ ಮಗುವಿಗೆ ಜ್ವರ.

ನಮ್ಮ ಬೀಡಿ ಕಟ್ಟುವ ಅಕ್ಕ ಕೇಳಿದರು: "ಯಾವ ಊರಮ್ಮ? ಇಲ್ಲಿ ಯಾಕೆ ಕೂತಿದ್ದೀರಿ?"

"ಬಾಗಲಕೋಟಿ ಕಡೆಯವ್ರು ನಾವು. ಗಂಡ ಕಟ್ಟಡದ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡಾನ್ರೀ. ದವಾಖಾನ್ಯಾಗ ಅದಾನ. ಅಲ್ಲಿ ಕೆಲಸ ಮುಗೀತು, ಶೆಡ್ ಬಿಚ್ಚಿದ್ರು. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗೂಣ್ರೀ ಅಕ್ಕಾರ?"

ನಮಗೆ ಯಾರಿಗೂ ಮಾತು ಬರಲಿಲ್ಲ. ನಮ್ಮ ಊರಿನ ಎತ್ತರದ ಕಟ್ಟಡಗಳನ್ನು ಕಟ್ಟುವವರು ಇಂಥವರೇ. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು, ವಿಜಯಪುರದಿಂದ ಕೆಲಸ ಹುಡುಕಿ ಬರುತ್ತಾರೆ. ನೂರಾರು ಮನೆ ಕಟ್ಟುತ್ತಾರೆ. ಅವರಿಗೆ ಇರುವುದು ತಗಡಿನ ಶೆಡ್. ಕೆಲಸ ಇರುವ ತನಕ ಶೆಡ್. ಕೆಲಸ ಹೋದ ದಿನ ಮನೆಯೂ ಹೋಯಿತು.

ಮನೆ ಇಲ್ಲದವರು ಯಾರು?

ಜನಗಣತಿಯವರು ಮನೆ ಇಲ್ಲದವರನ್ನೂ ಎಣಿಸುತ್ತಾರೆ. ರಸ್ತೆ ಬದಿ, ಸೇತುವೆಯ ಅಡಿ, ದೊಡ್ಡ ಪೈಪಿನ ಒಳಗೆ, ರೈಲು ನಿಲ್ದಾಣ, ದೇವಸ್ಥಾನದ ಮಂಟಪ, ಇಂಥ ಕಡೆ ಮಲಗುವವರೇ ವಸತಿರಹಿತರು. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಇವರನ್ನು ಎಣಿಸಿದರು. ಇಡೀ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿದರು. ನಮ್ಮ ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು.

ಕೆಲವರು ಹೇಳುತ್ತಾರೆ: "ಅವರೆಲ್ಲ ಸೋಮಾರಿಗಳು, ಭಿಕ್ಷುಕರು." ಇದು ಸರಿಯಲ್ಲ. ಬೀದಿಯಲ್ಲಿ ಮಲಗುವ ಹೆಚ್ಚಿನವರು ಹಗಲು ದುಡಿಯುತ್ತಾರೆ. ಬಂದರಿನ ದಕ್ಕೆಯಲ್ಲಿ ಮೀನು ಹೊರುತ್ತಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ. ಗುಜರಿ ಹೆಕ್ಕುತ್ತಾರೆ. ದುಡಿದ ಹಣ ಹೊಟ್ಟೆಗೆ ಸಾಕಾಗುತ್ತದೆ. ಬಾಡಿಗೆಗೂ ಅಡ್ವಾನ್ಸಿಗೂ ಸಾಕಾಗುವುದಿಲ್ಲ.

ಮನೆ ಹೇಗೆ ಕೈ ತಪ್ಪುತ್ತದೆ?

ಒಂದೇ ದಿನದಲ್ಲಿ ಯಾರೂ ಬೀದಿಗೆ ಬರುವುದಿಲ್ಲ. ಒಂದರ ಹಿಂದೆ ಒಂದು ಕಷ್ಟ ಬರುತ್ತದೆ. ದುಡಿಯುವವರಿಗೆ ಕಾಯಿಲೆ. ಆಸ್ಪತ್ರೆಗೆ ಸಾಲ. ಬಾಡಿಗೆ ಬಾಕಿ. ಕೊನೆಗೆ ಬೀಗ.

ಕೆಲವರಿಗೆ ಗಂಡನ ಹೊಡೆತ ತಡೆಯಲಾಗದೆ ಮನೆ ಬಿಡಬೇಕಾಗುತ್ತದೆ. ಕೆಲವು ಅಜ್ಜ ಅಜ್ಜಿಯರು ಜಾಗವನ್ನು ಮಕ್ಕಳ ಹೆಸರಿಗೆ ಬರೆದು ಕೊಡುತ್ತಾರೆ. ಆಮೇಲೆ ಅವರಿಗೇ ಜಾಗ ಇರುವುದಿಲ್ಲ. ಕೆಲವರಿಗೆ ಮನಸ್ಸಿನ ಕಾಯಿಲೆ. ಯಾವ ರೈಲು ಹತ್ತಿದೆ, ಎಲ್ಲಿ ಇಳಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಮನೆ ಇದ್ದವರಿಗೂ ಇದು ಬರಬಹುದು. 2019ರ ಆಗಸ್ಟ್ ತಿಂಗಳ ಮಳೆ ನೆನಪುಂಟಾ? ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಕಡೆ ಬಂತು. ತೋಟ ಹೋಯಿತು, ಬಾವಿ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಅವರು ತೆಂಗು ಕಂಗು ಇದ್ದ ಜನ. ಹಾಗಾಗಿ "ನಮಗೆ ಇದು ಬರುವುದಿಲ್ಲ" ಎಂದು ಯಾರೂ ಹೇಳುವ ಹಾಗಿಲ್ಲ.

ಆ ರಾತ್ರಿ ನಾವು ಮಾಡಿದ್ದು

ಜಗಲಿಯಲ್ಲಿ ನಮ್ಮ ನಮ್ಮಲ್ಲೇ ಚರ್ಚೆ ಆಯಿತು. ಕಲಿಕಾ ಕೇಂದ್ರದ ಕೋಣೆಯ ಬೀಗದ ಕೈ ನಮ್ಮ ಹತ್ತಿರ ಇತ್ತು. ಇವತ್ತು ಒಂದು ರಾತ್ರಿ ಅಲ್ಲಿ ಮಲಗಲಿ ಎಂದೆವು.

ಒಬ್ಬ ಅಕ್ಕ ಹೇಳಿದರು: "ಗುರ್ತ ಇಲ್ಲದವರನ್ನು ಒಳಗೆ ಬಿಡುವುದಾ ಟೀಚರ್? ನಾಳೆ ಏನಾದರೂ ಆದರೆ?"

ಬೀಡಿ ಕಟ್ಟುವ ಅಕ್ಕ ಕೂಡಲೇ ಹೇಳಿದರು: "ಮಳೆ ಗುರ್ತ ಕೇಳಿ ಬರ್ತದಾ ಮಾರಾಯ್ತಿ? ಆ ಮಗುವಿನ ಮೈ ಮುಟ್ಟಿ ನೋಡು."

ಮೊದಲ ಅಕ್ಕನ ಹೆದರಿಕೆಯೂ ಸುಳ್ಳಲ್ಲ. ಅದಕ್ಕೆ ನಾವು ಒಂದು ದಾರಿ ಮಾಡಿದೆವು. ಇಬ್ಬರು ಅಕ್ಕಂದಿರು ಅವರ ಜೊತೆಗೇ ಮಲಗಿದರು. ವಾರ್ಡಿನ ಸದಸ್ಯರಿಗೂ ಪೊಲೀಸರಿಗೂ ಫೋನಿನಲ್ಲಿ ತಿಳಿಸಿದೆವು. ಬಿಸಿ ಗಂಜಿ, ಚಟ್ನಿ ಬಂತು. ಹೆದರಿಕೆ ಹೇಳಿದ ಅಕ್ಕನೇ ಕಂಬಳಿ ತಂದರು.

ಮರುದಿನ ಕೆಲಸ ಹಂಚಿಕೊಂಡೆವು. ಒಬ್ಬರು ಮಗುವನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಬ್ಬರು ಆಶ್ರಯ ಕೇಂದ್ರದಲ್ಲಿ ಜಾಗ ವಿಚಾರಿಸಿದರು. ಇನ್ನೊಬ್ಬರು ಅವರ ರೇಷನ್ ಕಾರ್ಡು ನೋಡಿದರು. ಅದು ಬಾಗಲಕೋಟೆ ಕಡೆಯ ಕಾರ್ಡು. ಆದರೂ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಇದು ಅವಳಿಗೆ ಗೊತ್ತೇ ಇರಲಿಲ್ಲ.

ದೊಡ್ಡ ಹುಡುಗಿಯನ್ನು ನಾವು ನಮ್ಮ ಶಾಲೆಗೆ ಸೇರಿಸಿಕೊಂಡೆವು. ಟಿ.ಸಿ. ಇರಲಿಲ್ಲ, ಜನನ ಪತ್ರವೂ ಇರಲಿಲ್ಲ. ಅವು ಇಲ್ಲವೆಂದು ಮಗುವನ್ನು ಶಾಲೆಗೆ ಸೇರಿಸದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಹಾಗೆ ಹೇಳುತ್ತದೆ.

ಗಂಡನ ಕಾಲು ಸರಿಯಾಗಲು ಮೂರು ತಿಂಗಳು ಬೇಕಾಯಿತು. ಈಗ ಅವರು ಇನ್ನೊಂದು ಸಂಸಾರದ ಜೊತೆ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಕಷ್ಟ ಪೂರ್ತಿ ಮುಗಿದಿಲ್ಲ. ಆದರೆ ಬಾಗಿಲಿಗೆ ಚಿಲಕ ಉಂಟು.

ಒಂದು ಬೇಸರ ಮಾತ್ರ ಉಳಿಯಿತು. ಆ ಗಂಡ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿರಲಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು, 18ರಿಂದ 60 ವರ್ಷದ ಒಳಗಿನವರು, ಹೆಸರು ಬರೆಸಬಹುದು. ಬರೆಸಿದ್ದರೆ ಅಪಘಾತಕ್ಕೆ ಸಹಾಯ ಕೇಳಬಹುದಿತ್ತು. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಗಾರೆ ಕೆಲಸದವರು, ಸಾರಣೆಯವರು ಇದ್ದರೆ ಇವತ್ತೇ ಹೇಳಿ.

ಕಾನೂನು ಏನು ಹೇಳುತ್ತದೆ?

ಮನೆ ಇಲ್ಲದವರಿಗೆ ಸಹಾಯ ಮಾಡುವುದು ಬರೀ ಪುಣ್ಯದ ಕೆಲಸ ಅಲ್ಲ. ಅದು ಸರಕಾರದ ಹೊಣೆ.

1985ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆ ನಡೆಯಿತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ಕೋರ್ಟು ಹೇಳಿತು. ಅವರನ್ನು ಎಬ್ಬಿಸಲು ಪಾಲಿಕೆಗೆ ಅಧಿಕಾರ ಉಂಟು ಎಂದೂ ಹೇಳಿತು. ಆದರೆ ಮಳೆಗಾಲ ಮುಗಿಯುವ ತನಕ ಎಬ್ಬಿಸಬಾರದು ಎಂದು ತಡೆಯಿತು. ಮಳೆಯಲ್ಲಿ ಸೂರು ಕಳೆದುಕೊಳ್ಳುವ ಕಷ್ಟ ಕರಾವಳಿಯ ನಮಗೆ ಬೇರೆ ಹೇಳಬೇಕಾ?

2010ರಲ್ಲಿ ಅದೇ ಕೋರ್ಟು ಇನ್ನೊಂದು ಆದೇಶ ಕೊಟ್ಟಿತು. ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಕ್ಕೆ ಒಂದರಂತೆ ಆಶ್ರಯ ಕೇಂದ್ರ ಬೇಕು. ಅದು ವರ್ಷವಿಡೀ ತೆರೆದಿರಬೇಕು. ಮಲಗಲು ಜಾಗ, ಹೊದಿಕೆ, ಕುಡಿಯುವ ನೀರು, ಶೌಚಾಲಯ ಇರಬೇಕು. ಹೆಂಗಸರಿಗೆ, ಸಂಸಾರಸ್ಥರಿಗೆ ಬೇರೆ ವ್ಯವಸ್ಥೆ ಬೇಕು. ನಮ್ಮ ಊರಿನ ಆಶ್ರಯ ಕೇಂದ್ರದ ವಿಚಾರ ಲಾಲ್‌ಬಾಗಿನ ಮಹಾನಗರ ಪಾಲಿಕೆಯ ಕಚೇರಿಯಲ್ಲಿ ಕೇಳಬಹುದು.

ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯೂ ಉಂಟು. ಅದರ ಪ್ರಕಾರ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಮಂಗಳೂರಿನ ಕೇಂದ್ರ ಪಚ್ಚನಾಡಿಯಲ್ಲಿದೆ. ಇದರ ಖರ್ಚಿಗೆ ನಾವು ಕಟ್ಟುವ ಮನೆತೆರಿಗೆಯ ಮೇಲೆ ನೂರಕ್ಕೆ 3 ರೂಪಾಯಿ ಸೆಸ್ ಸೇರಿಸುತ್ತಾರೆ. ತೆರಿಗೆ ಚೀಟಿ ಓದಿ ನೋಡಿ. ಅಂದರೆ ಆ ಕೇಂದ್ರಗಳಲ್ಲಿ ನಮ್ಮ ದುಡ್ಡೂ ಉಂಟು. ಅವು ಹೇಗೆ ನಡೆಯುತ್ತವೆ ಎಂದು ಕೇಳುವ ಹಕ್ಕೂ ಉಂಟು.

ಕೇಳದಿದ್ದರೆ ಏನಾಗುತ್ತದೆ? 2010ರ ಆಗಸ್ಟಿನಲ್ಲಿ ಬೆಂಗಳೂರಿನ ಇಂಥದೇ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತರು. ತುಂಬಾ ಮಂದಿ ಕಾಯಿಲೆ ಬಿದ್ದರು. ಸೂರು ಕೊಟ್ಟರೆ ಮಾತ್ರ ಸಾಲದು. ಒಳಗೆ ಒಳ್ಳೆಯ ಊಟ, ಶುದ್ಧ ನೀರು, ಔಷಧಿ, ಮರ್ಯಾದೆ ಇರಬೇಕು.

ಮನೆ ಕೈ ತಪ್ಪುವ ಮೊದಲು

ಈ ಸಂಗತಿ ಮಾತಾಡುವಾಗ ನಮ್ಮ ಕೇಂದ್ರದ ಒಬ್ಬ ಅಕ್ಕ ಅತ್ತರು. "ನಮ್ಮದೂ ಬಾಡಿಗೆ ಮನೆಯೇ ಟೀಚರ್. ನಾಳೆ ಹೊರಗೆ ಹೋಗಿ ಅಂದರೆ ಎಂತ ಮಾಡುವುದು?" ಅವರು ಏಳು ವರ್ಷದಿಂದ ಬಾಡಿಗೆ ಕೊಡುತ್ತಿದ್ದಾರೆ. ಒಂದು ಚೀಟಿಯೂ ಕೈಯಲ್ಲಿಲ್ಲ. ಅಡ್ವಾನ್ಸ್ ಕೊಟ್ಟದ್ದಕ್ಕೂ ಸಾಕ್ಷಿ ಇಲ್ಲ.

ಅಕ್ಕಂದಿರೇ, ಈಗ ನಮಗೆ ಓದು ಬರಹ ಬರುತ್ತದೆ. ಅದನ್ನು ಮನೆ ಉಳಿಸಿಕೊಳ್ಳಲು ಬಳಸೋಣ.

1. ಬಾಡಿಗೆ ಮನೆಗೆ ಕಾಗದ ಮಾಡಿಸಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಿಡುವ ಮೊದಲು ಎಷ್ಟು ತಿಂಗಳ ನೋಟೀಸು, ಎಲ್ಲ ಬರೆದಿರಲಿ. ಓದಿದ ಮೇಲೆಯೇ ಸಹಿ ಹಾಕಿ.

2. ಪ್ರತಿ ತಿಂಗಳು ರಸೀದಿ ಕೇಳಿ. ಒಂದು ಪುಸ್ತಕದಲ್ಲಿ ಬರೆದು ಮನೆಯವರ ಸಹಿ ಹಾಕಿಸಿದರೂ ಆಗುತ್ತದೆ.

3. ಧಣಿಗಳು ಸಾಮಾನು ಹೊರಗೆ ಹಾಕುವಂತಿಲ್ಲ. ನೀರು, ಕರೆಂಟು ಕಡಿಯುವಂತಿಲ್ಲ. ಬಿಡಿಸಬೇಕಾದರೆ ಕೋರ್ಟಿಗೆ ಹೋಗಬೇಕು. ಬಾಡಿಗೆ ಕೊಡುವುದು ನಮ್ಮ ಕರ್ತವ್ಯ, ಇದು ನಮ್ಮ ಹಕ್ಕು.

4. ಗಂಡ ಹೊಡೆದು ಹೊರಗೆ ಹಾಕಿದರೆ ಸುಮ್ಮನೆ ಹೋಗಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಉಂಟು. ಸಂಸಾರ ಮಾಡಿದ ಮನೆ ನಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು ಉಂಟು. ಅತ್ತೆ ಮಾವನ ಹೆಸರಿನ ಮನೆಗೂ ಇದು ಅನ್ವಯಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

5. ವಯಸ್ಸಾದವರು ಜಾಗ ಬರೆದು ಕೊಡುವಾಗ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಮಾತನ್ನು ಕಾಗದದಲ್ಲಿ ಬರೆಸಬೇಕು. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಆ ಬರಹವನ್ನು ರದ್ದು ಮಾಡಿಸಬಹುದು. ಅರ್ಜಿಯನ್ನು ಸಹಾಯಕ ಆಯುಕ್ತರಿಗೆ ಕೊಡಬೇಕು.

ವಕೀಲರಿಗೆ ಹಣ ಇಲ್ಲವೆಂದು ಹೆದರಬೇಡಿ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ಸಹಾಯ ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ.

ನೆನಪಿಡುವ ನಂಬರುಗಳು

ತುರ್ತು ಸಹಾಯ, ಪೊಲೀಸ್: 112
ಹೆಂಗಸರಿಗೆ: 181
ಮಕ್ಕಳಿಗೆ: 1098
ವಯಸ್ಸಾದವರಿಗೆ: 14567
ಕಾನೂನು ಸಹಾಯ: 15100
ಮನಸ್ಸಿನ ಕಾಯಿಲೆಗೆ: 14416

ಮನಸ್ಸಿನ ಕಾಯಿಲೆಯವರು ಬೀದಿಯಲ್ಲಿ ಅಲೆಯುವುದನ್ನು ಕಂಡರೆ ಕಲ್ಲು ಹೊಡೆಯಲು, ನಗಾಡಲು ಮಕ್ಕಳನ್ನು ಬಿಡಬೇಡಿ. 112ಕ್ಕೆ ಹೇಳಿ. ಅವರನ್ನು ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯ ಎಂದು 2017ರ ಕಾಯಿದೆ ಹೇಳುತ್ತದೆ. ಅಂಥವರು ಗುಣವಾಗಿ ತಮ್ಮ ಊರಿಗೆ ಮರಳಿದ್ದೂ ಉಂಟು.

ಹಸಿದವರು ಸಿಕ್ಕಿದರೆ ಇಂದಿರಾ ಕ್ಯಾಂಟೀನಿನ ದಾರಿ ತೋರಿಸಿ. ಅಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ.

ಹತ್ತು ಜನ ಒಂದೊಂದು ಕೆಲಸ ಮಾಡಿದರೆ ಒಂದು ಸಂಸಾರ ಬೀದಿಯಿಂದ ಒಳಗೆ ಬರುತ್ತದೆ. ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ.

ಹೊಸ ಪದಗಳು

ವಸತಿರಹಿತರು – ಮನೆ ಇಲ್ಲದವರು
ಆಶ್ರಯ – ಇರಲು, ಮಲಗಲು ಜಾಗ
ರಸೀದಿ – ಹಣ ಕೊಟ್ಟದ್ದಕ್ಕೆ ಚೀಟಿ
ಪ್ರಾಧಿಕಾರ – ಅಧಿಕಾರ ಇರುವ ಸರಕಾರಿ ಸಂಸ್ಥೆ
ರದ್ದು – ಇಲ್ಲದ ಹಾಗೆ ಮಾಡುವುದು

ಚರ್ಚೆ ಮಾಡೋಣ

1. ಜಗಲಿಯಲ್ಲಿ ಮೊದಲ ಅಕ್ಕ ಹೆದರಿದ್ದು ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
2. ನಮ್ಮ ವಾರ್ಡಿನಲ್ಲಿ ರಾತ್ರಿ ಹೊರಗೆ ಮಲಗುವವರು ಯಾರು? ಅವರ ಜೊತೆ ನಾವು ಮಾತಾಡಿದ್ದೇವೆಯೇ?
3. ನಿಮ್ಮ ಮನೆಯ ಕಾಗದ ಎಲ್ಲಿದೆ? ಯಾರ ಹೆಸರಿನಲ್ಲಿದೆ?

ಲೆಕ್ಕ ಮಾಡೋಣ

1. ಮನೆತೆರಿಗೆ 1500 ರೂಪಾಯಿ. ನೂರಕ್ಕೆ 3ರಂತೆ ಸೆಸ್ ಎಷ್ಟು?
2. ಒಂದು ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ. 5 ಲಕ್ಷ ಜನರ ಊರಿಗೆ ಎಷ್ಟು ಬೇಕು?

ಬರೆಯೋಣ

ಖಾಲಿ ಜಾಗ ತುಂಬಿಸಿ. ಈ ತಿಂಗಳ ಬಾಡಿಗೆ ಕೊಡುವಾಗ ಇದನ್ನೇ ಬಳಸಿ.

ಬಾಡಿಗೆ ರಸೀದಿ
ತಾರೀಕು: ............
ಶ್ರೀಮತಿ ........................ ಇವರಿಂದ ............ ತಿಂಗಳ ಬಾಡಿಗೆ ರೂಪಾಯಿ ............ ಸಂದಾಯವಾಗಿದೆ.
ಮನೆ ನಂಬರು: ............
ಮನೆ ಮಾಲೀಕರ ಸಹಿ: ........................