ಮನೆ ಬಾಡಿಗೆಗೆ ಇದೆ

ಕೂತಲ್ಲಿಯೇ ಕಾಲಕಾಲಕ್ಕೆ ಹಣ ಬಂದು ಸೇರುವ ಭಾಗ್ಯವಂತರೆಂದು ಲೋಕವು ಯಾರನ್ನು ಭಾವಿಸಿಕೊಂಡಿದೆಯೋ ಆ ಮನೆ ಯಜಮಾನರ ವರ್ಗಕ್ಕೆ ಸೇರಿದವನಾಗಿ, ನಮ್ಮ ತಂದೆಯವರು ಬೆಂಗಳೂರಿನ ಹನುಮಂತನಗರದಲ್ಲಿ ಕಟ್ಟಿಸಿದ ಮನೆಯನ್ನೂ ಅದರ ಹಿಂದಿನ ನಾಲ್ಕು ಮನೆಗಳ ಸಣ್ಣ ವಠಾರವನ್ನೂ, ಹೈಸ್ಕೂಲಿನ ಮೇಷ್ಟರ ಕೆಲಸದ ಜೊತೆಜೊತೆಗೆ, ಅವರ ತರುವಾಯ ನಾನು ನೋಡಿಕೊಂಡು ಬಂದಿದ್ದೇನೆ. ಈ ದೀರ್ಘ ವ್ಯವಹಾರದಲ್ಲಿ ನನ್ನ ಮನಸ್ಸಿನಲ್ಲಿ ನೆಲೆನಿಂತ ಅಭಿಪ್ರಾಯವೇನೆಂದರೆ, ಯಜಮಾನನಿಗೂ ಬಾಡಿಗೆದಾರನಿಗೂ ನಡೆಯುವ ಕಲಹಗಳಲ್ಲಿ ಬಹುಪಾಲು ಹುಟ್ಟುವುದು ಇಬ್ಬರೂ ಹಂಚಿಕೊಳ್ಳಲೇಬೇಕಾದ ವಸ್ತುಗಳಿಂದ: ಸಂಪಿನ ನೀರು, ಮೋಟಾರಿನ ಸ್ವಿಚ್ಚು, ಗೇಟಿನ ಬೀಗ, ಬಟ್ಟೆ ಒಣಗಿಸುವ ತಂತಿ. ಬಾಡಿಗೆಗಾದರೆ ಲೆಕ್ಕವುಂಟು, ರಸೀತಿಯುಂಟು, ಕಡೆಗೆ ನ್ಯಾಯಸ್ಥಾನವೂ ಉಂಟು. ಇವುಗಳಿಗೆ ನಾಲಗೆಯೊಂದೇ ಗತಿ.

ನಮ್ಮ ತಂದೆಯವರ ಕಾಲದ ಭಯಗಳು ಬೇರೆಯಾಗಿದ್ದವು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಮೇರೆಗೆ ಮನೆ ಖಾಲಿಯಾದರೆ ಅದನ್ನು ಕಂಟ್ರೋಲರರ ಕಚೇರಿಗೆ ಬರೆದು ತಿಳಿಸಬೇಕಾಗಿತ್ತು. ಅದನ್ನು ಯಾರಿಗೆ ಕೊಡತಕ್ಕದ್ದೆಂದು ನಿರ್ಣಯಿಸುವ ಅಧಿಕಾರವೂ ಆ ಕಚೇರಿಗಿತ್ತು. ಒಮ್ಮೆ ಒಳಗೆ ಬಂದವರನ್ನು ಕಾಯಿದೆಯಲ್ಲಿ ಹೇಳಿದ ಕಾರಣಗಳ ಹೊರತು ಬಿಡಿಸುವಂತಿರಲಿಲ್ಲ. ಆದುದರಿಂದ, ಖಾಲಿ ಮನೆಯ ಕಿಟಕಿಗೆ ಪರದೆ ಕಟ್ಟಿ, ಸಂಜೆಯ ಹೊತ್ತು ಒಳಗೆ ದೀಪ ಹಚ್ಚಿಟ್ಟು, ಜನವಾಸವಿದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತಿದ್ದ ಯಜಮಾನರು ನಮ್ಮ ಬೀದಿಯಲ್ಲಿಯೇ ಇದ್ದರು. 1999ರ ಕಾಯಿದೆ 2001ರ ಕೊನೆಯಲ್ಲಿ ಜಾರಿಗೆ ಬಂದು, ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟ ಮೇಲೆ ಆ ಭಯವು ತೊಲಗಿತು. ಆದರೂ ಹನ್ನೆರಡು ವರ್ಷ ಇರಲು ಬಿಟ್ಟರೆ ಮನೆ ಬಾಡಿಗೆದಾರರದೇ ಆಗಿಹೋಗುತ್ತದೆಂದು ಇಂದಿಗೂ ಪಿಸುಗುಟ್ಟುವವರಿದ್ದಾರೆ. ಬಾಡಿಗೆಗೆಂದು ಒಪ್ಪಿ ಒಳಗೆ ಬಂದವನು ಬಾಡಿಗೆದಾರನಾಗಿರುವ ತನಕ ಯಜಮಾನನ ಹಕ್ಕನ್ನು ಅಲ್ಲಗಳೆಯಲಾರನೆಂದು ವಕೀಲರು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬಾರದು. ಕರಾರುಪತ್ರವನ್ನು ಹನ್ನೊಂದು ತಿಂಗಳಿಗೆ ಬರೆಸುವುದೂ ಇದೇ ಭಯದಿಂದಲೇ ಎಂದು ಅವರು ತಿಳಿದಿರುತ್ತಾರೆ; ವರ್ಷ ಮೀರಿದ ಕರಾರಾದರೆ 1908ರ ಕಾಯಿದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆಂಬುದಷ್ಟೇ ಅದರ ಗುಟ್ಟು.

ನೀರಿನ ವಿಷಯಕ್ಕೆ ಬರುತ್ತೇನೆ. ಹೆಸರಘಟ್ಟದ ನೀರು 1890ರ ದಶಕದಲ್ಲಿಯೂ ತಿಪ್ಪಗೊಂಡನಹಳ್ಳಿಯದು 1933ರಲ್ಲಿಯೂ ಕಾವೇರಿಯದು 1974ರಲ್ಲಿಯೂ ಈ ಊರಿಗೆ ಬಂದವೆಂದು ನಾನು ತರಗತಿಯಲ್ಲಿ ಹುಡುಗರಿಗೆ ಉರು ಹೊಡೆಸುತ್ತಿದ್ದೆನಾದರೂ, ಅಷ್ಟು ದೂರದಿಂದ ಬೆಟ್ಟವೇರಿಸಿ ತಂದ ಕಾವೇರಿಯು ನಮ್ಮ ಸಂಪಿಗೆ ಬಿದ್ದ ಮೇಲೆ ಎಷ್ಟು ವ್ಯಾಜ್ಯಗಳಿಗೆ ಕಾರಣಳಾಗುತ್ತಾಳೆಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ವಠಾರಕ್ಕೆಲ್ಲ ಸೇರಿ ಒಂದೇ ನಲ್ಲಿಯ ಸಂಪರ್ಕ, ಒಂದೇ ಮೀಟರು; ಬಳಕೆ ಏರಿದಷ್ಟೂ ದರವೂ ಏರುವ ಬಿಲ್ಲು. ಅದನ್ನು ಮನೆಗೆ ಇಷ್ಟೆಂದು ಸಮನಾಗಿ ಹಂಚಿದರೆ, ಮೊದಲನೆಯ ಮನೆಯಲ್ಲಿ ಇಬ್ಬರೇ ಇದ್ದ ವೃದ್ಧ ದಂಪತಿಗಳಿಗೆ ಅನ್ಯಾಯವೆನಿಸುತ್ತಿತ್ತು. "ನಾವಿಬ್ಬರು ಮುದುಕರು ಎಷ್ಟು ನೀರು ಬಳಸೋಕಾಗತ್ತೆ ಮೇಷ್ಟ್ರೇ, ಮೂರನೇ ಮನೇಲಿ ಆರು ಜನ ಇದಾರೆ" ಎಂದು ಆ ತಾಯಿಯವರು ಬಿಲ್ಲು ಬಂದಾಗಲೆಲ್ಲ ನ್ಯಾಯ ಕೇಳುತ್ತಿದ್ದರು. ಸರಿಯೆಂದು ತಲೆಗೆ ಇಷ್ಟೆಂದು ಹಂಚಲು ಹೊರಟ ತಿಂಗಳಿನಲ್ಲಿಯೇ, ಮೂರನೆಯ ಮನೆಯವರು ಮಗಳನ್ನು ಬಾಣಂತನಕ್ಕೆ ಕರೆತಂದರು. ಹಸುಗೂಸನ್ನು ಒಂದು ತಲೆಯೆಂದು ಎಣಿಸಬೇಕೆ, ಬೇಡವೆ? ಬೇಡವೆಂದು ಅವರು, ಎಣ್ಣೆನೀರು ಹಾಕುವ ಬಾಣಂತಿಗೂ ಮಗುವಿಗೂ ದಿನಕ್ಕೆ ಎರಡು ಹಂಡೆ ನೀರು ಕಾಯುತ್ತದೆ, ನಾಲ್ಕು ತಲೆಗೆ ಸಮವೆಂದು ಇವರು. ಶಾಲೆಯಲ್ಲಿ ಗಣಿತವನ್ನೂ ಬೋಧಿಸುತ್ತಿದ್ದ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಕಡೆಗೆ ಓವರ್‌ಹೆಡ್ ಟ್ಯಾಂಕಿನಿಂದ ಮನೆಮನೆಗೂ ಬೇರೆ ಪೈಪನ್ನು ಇಳಿಸಿ, ಒಂದೊಂದಕ್ಕೂ ಸಣ್ಣ ಮೀಟರನ್ನು ನನ್ನ ಖರ್ಚಿನಲ್ಲಿಯೇ ಹಾಕಿಸಿದೆ. ಪ್ಲಂಬರನು ಹಳೆಯ ಗಾರೆಯ ಗೋಡೆಯನ್ನು ಒಡೆದ ರೀತಿಯನ್ನು ನೋಡಿ ಮನೆಯವಳು ಕಣ್ಣೀರಿಟ್ಟಳು. ಖರ್ಚೂ ಅಂದುಕೊಂಡದ್ದನ್ನು ಮೀರಿತು. ಆದರೆ ಮೊದಲ ತಿಂಗಳ ಅಂಕಿಗಳನ್ನು ಬರೆದುಕೊಂಡಾಗ ತಿಳಿದುಬಂದ ಸಂಗತಿಯು ವಠಾರದಲ್ಲಿ ಬಹುಕಾಲ ವಿನೋದಕ್ಕೆ ವಸ್ತುವಾಯಿತು: ಎಲ್ಲರಿಗಿಂತ ಹೆಚ್ಚು ನೀರು ಹರಿದಿದ್ದುದು ಆ ವೃದ್ಧ ದಂಪತಿಗಳ ಮೀಟರಿನಲ್ಲಿ. ಮಡಿಯ ಬಟ್ಟೆ, ಎರಡು ಹೊತ್ತು ಅಂಗಳ ತೊಳೆಯುವುದು, ತುಳಸಿ, ದಾಸವಾಳ, ಕುಂಡದಲ್ಲಿದ್ದ ಕರಿಬೇವು, ಇವೆಲ್ಲಕ್ಕೂ ಲೆಕ್ಕವಿರಲಿಲ್ಲ. ಆ ತಾಯಿಯವರು ಮೀಟರು ಕೆಟ್ಟಿದೆಯೆಂದರು. ಅವರ ಯಜಮಾನರು ನಕ್ಕು ಹಣವನ್ನು ಕೊಟ್ಟರು. ಆ ತಿಂಗಳಿನಿಂದ ನೀರಿನ ಜಗಳವು ನಿಂತಿತಲ್ಲದೆ, ವಠಾರದ ಒಟ್ಟು ಬಿಲ್ಲೂ ಇಳಿಯಿತು.

ಬಾಡಿಗೆಗೆ ಬರುವವರನ್ನು ಆರಿಸುವ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ನಮ್ಮ ತಂದೆಯವರ ಬೋರ್ಡಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಎರಡನೆಯ ಸಾಲೊಂದಿತ್ತು. ಅವರ ಕಾಲದಿಂದ ನನ್ನ ಕಾಲದವರೆಗಿನ ಬಾಡಿಗೆಯ ಪುಸ್ತಕಗಳನ್ನು ತಿರುವಿಹಾಕಿದಾಗ, ಒಲೆಯ ಮೇಲೆ ಬೇಯುವ ಪದಾರ್ಥಕ್ಕೂ ತಿಂಗಳ ಐದನೆಯ ತಾರೀಕಿನೊಳಗೆ ಹಣ ಬರುವುದಕ್ಕೂ ಯಾವ ಸಂಬಂಧವೂ ನನಗೆ ಕಾಣಲಿಲ್ಲವಾಗಿ, ಆ ಸಾಲನ್ನು ಅಳಿಸಿಹಾಕಿದೆ. ನೆಂಟರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಅವರಲ್ಲಿ ಯಾರೂ ನನ್ನ ಬಾಡಿಗೆದಾರರಲ್ಲ.

ಇನ್ನು ನಿಜವಾಗಿ ಕಷ್ಟಕೊಟ್ಟವರೆಂದರೆ ಒಬ್ಬರೇ, ಮತ್ತು ಅವರು ನನ್ನ ಬಾಡಿಗೆದಾರರಲ್ಲೆಲ್ಲ ಅತ್ಯಂತ ಸಭ್ಯರು. ಯುಗಾದಿಗೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳು, ನನಗೆ ಜ್ವರ ಬಂದಾಗ ಎಳನೀರು, ಇವು ಅವರ ಮನೆಯಿಂದ ತಪ್ಪದೆ ಬರುತ್ತಿದ್ದವು. ಬಾಡಿಗೆ ಮಾತ್ರ ಬರುತ್ತಿರಲಿಲ್ಲ. ಕೇಳಿದರೆ, "ಬರೋ ವಾರ ಕೊಟ್ಟುಬಿಡ್ತೀನಿ ಮೇಷ್ಟ್ರೇ, ಪಾರ್ಟಿ ಕಡೆಯಿಂದ ಪೇಮೆಂಟ್ ಬರ್ಬೇಕು" ಎಂದು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳುತ್ತಿದ್ದರು. ಮೂರು ತಿಂಗಳಾದ ಮೇಲೆ ಮಾತು ಬದಲಾಯಿತು: "ಅಡ್ವಾನ್ಸಲ್ಲೇ ಹಿಡ್ಕೊಳ್ಳಿ." ಬೆಂಗಳೂರಿನ ಯಜಮಾನರಿಗೆಲ್ಲ ನಾನು ಎಚ್ಚರಿಕೆ ಹೇಳಬಹುದಾದರೆ ಈ ಎರಡು ಪದಗಳ ವಿಷಯದಲ್ಲಿಯೇ ಹೇಳುವೆನು. ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಕೈಯಲ್ಲಿಟ್ಟುಕೊಳ್ಳುವ ಈ ಊರಿನ ಪದ್ಧತಿಯು ಯಜಮಾನನಿಗೆ ಬಲವನ್ನು ಕೊಡುವಂತೆ ಕಂಡರೂ, ಹಣ ನಿಂತ ದಿನದಿಂದ ಆ ಬಲವು ತಿಂಗಳಿಗೊಂದು ಪಾಲಿನಂತೆ ಕರಗುತ್ತ ಹೋಗಿ, ಹತ್ತು ತಿಂಗಳಾಗುವ ಹೊತ್ತಿಗೆ ಅವನ ಕೈಯಲ್ಲಿ ಕರಾರುಪತ್ರವೆಂಬ ಕಾಗದವೊಂದೇ ಉಳಿಯುತ್ತದೆ. ಗೋಡೆಯ ಸುಣ್ಣಬಣ್ಣಕ್ಕೂ ಬಾಕಿ ಬಿಟ್ಟ ಕರೆಂಟಿನ ಬಿಲ್ಲಿಗೂ ಹಿಡಿದುಕೊಳ್ಳಲು ಕಾಸಿರುವುದಿಲ್ಲ.

ಮನೆ ಬಿಡಿರೆಂದರೆ ಅವರು ಬಿಡುವುದಿಲ್ಲವೆಂದು ಎಂದೂ ಹೇಳಲಿಲ್ಲ. ಮಕ್ಕಳ ಪರೀಕ್ಷೆ ಮುಗಿಯಲೆಂದರು, ಅದು ನ್ಯಾಯವಾಗಿತ್ತು. ಪರೀಕ್ಷೆ ಮುಗಿದು, ಮನೆ ಹುಡುಕುತ್ತಿದ್ದೇವೆನ್ನುವಷ್ಟರಲ್ಲಿ ಆಷಾಢ ಬಂದಿತು. ಆಷಾಢದಲ್ಲಿ ಯಾರಾದರೂ ಹಾಲುಕ್ಕಿಸುವುದುಂಟೆ? ಶ್ರಾವಣದಲ್ಲಿ ಭಾವಮೈದುನನ ಮದುವೆ. ಭಾದ್ರಪದದಲ್ಲಿ ಗೌರಿ ಗಣೇಶ, ಅದರ ಬೆನ್ನಿಗೇ ಪಿತೃಪಕ್ಷ. ಪಂಚಾಂಗವನ್ನು ಗುರಾಣಿಯಂತೆ ಹಿಡಿದು ಅವರು ನಿಂತಿರುವಾಗ, ಅದೇ ಪಂಚಾಂಗವನ್ನು ನೋಡದೆ ಮನೆಗೆ ಒಂದು ಬಾಗಿಲನ್ನೂ ಇಡಿಸಿರದ ನಾನು ಏನೆಂದು ವಾದಿಸಲಿ?

ಬೀದಿಯವರ ಸಲಹೆಯು ಸರಳವಾಗಿತ್ತು: ನೀರು ನಿಲ್ಲಿಸಿ, ಫ್ಯೂಸು ಕೀಳಿ. ಕಾನೂನು ಅದನ್ನು ನಿಷೇಧಿಸುತ್ತದೆ; ಹಾಗೆ ಮಾಡಿದ್ದರೆ ಮರುದಿನವೇ ಅವರು ತಡೆಯಾಜ್ಞೆಯನ್ನು ತಂದು, ಅಪರಾಧಿಯ ಸ್ಥಾನದಲ್ಲಿ ನನ್ನನ್ನು ನಿಲ್ಲಿಸುತ್ತಿದ್ದರು. ಇದು ವಿವೇಕದ ಮಾತು. ಶಾಲೆಗೆ ಹೋಗುವ ಎರಡು ಮಕ್ಕಳಿದ್ದ ಮನೆಯ ನೀರನ್ನು ನಿಲ್ಲಿಸಲು ನನ್ನ ಕೈ ಏಳುತ್ತಿರಲಿಲ್ಲವೆಂಬುದು ಅದಕ್ಕಿಂತ ದೊಡ್ಡ ಕಾರಣ. ನನ್ನ ಹಳೆಯ ಶಿಷ್ಯನಾದ ವಕೀಲನೊಬ್ಬನು 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಹದಿನೈದು ದಿನಗಳ ನೋಟೀಸನ್ನು ಕಳುಹಿಸಿ, ಮುಂದಿನ ಮಾರ್ಗವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದನು: "ದಾವಾ ಹಾಕಿದ್ರೆ ಗೆಲ್ತೀರ ಸಾರ್. ಆದ್ರೆ ಡಿಕ್ರಿ ಆಗೋಕೆ ವರ್ಷಗಳೇ ಹಿಡಿಬಹುದು, ಅದರ ಮೇಲೆ ಅಪೀಲು ಇದೆ. ಮುಂಗಡದಲ್ಲಿ ಇನ್ನೂ ಏನಾದ್ರೂ ಉಳಿದಿರೋವಾಗ್ಲೇ ಮಾತಾಡಿ." ಉಳಿದಿದ್ದುದು ಒಂದೂವರೆ ತಿಂಗಳಿನಷ್ಟು. ಕರೆಂಟಿನ ಬಾಕಿಯನ್ನೂ ಬಣ್ಣದ ಖರ್ಚನ್ನೂ ಮನ್ನಾ ಮಾಡಿ, ಆ ಒಂದೂವರೆ ತಿಂಗಳ ಹಣವನ್ನು ಪೂರಾ ಹಿಂದಿರುಗಿಸುವೆನೆಂದು ಹೇಳಿ ಕಳುಹಿಸಿದೆ. ಆಶ್ಚರ್ಯವೆಂದರೆ, ನವರಾತ್ರಿಯು ಆರಂಭವಾಗುವ ಮುನ್ನವೇ ಅವರಿಗೆ ಮನೆ ಸಿಕ್ಕಿತು.

ಬೀಗದ ಕೈ ಮೊದಲೋ ಹಣ ಮೊದಲೋ ಎಂಬ ಪ್ರಶ್ನೆಗೆ ಮೊದಲನೆಯ ಮನೆಯ ವೃದ್ಧರೇ ಮಧ್ಯಸ್ಥರಾದರು. ಸಾಮಾನೆಲ್ಲ ಲಗೇಜ್ ಆಟೋಕ್ಕೆ ಏರಿದ ಮೇಲೆ, ಅವರ ಒಂದು ಕೈಯಲ್ಲಿ ನಾನು ಹಣವನ್ನಿಟ್ಟೆನು, ಇನ್ನೊಂದು ಕೈಯಲ್ಲಿ ಬಾಡಿಗೆದಾರರು ಕೀಲಿಯನ್ನಿಟ್ಟರು. ಒಳಗೆ ಹೋಗಿ ನೋಡಿದರೆ, ಹೋಲ್ಡರುಗಳಿಂದ ಬಲ್ಬುಗಳನ್ನೆಲ್ಲ ಬಿಚ್ಚಿಕೊಂಡಿದ್ದರು. ಬಚ್ಚಲಿನ ನಲ್ಲಿಯ ತಿರುಪು ಇರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಗ್ಗರಣೆಯ ಕಲೆ ಕಿಟಕಿಯವರೆಗೂ ಹಬ್ಬಿತ್ತು. ದೇವರ ಗೂಡಿನ ಜೀರೋ ಬಲ್ಬನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಮನೆ ಖಾಲಿ ಮಾಡಿ ಹೋದ ಮೇಲೂ ಅವರು ದೀಪಾವಳಿಗೆ ಸಿಹಿ ಕಳುಹಿಸಿದರು. ನಾವು ತಿಂದೆವು.

ಅಂದಿನಿಂದ ನಾನು ಕರಾರುಪತ್ರವನ್ನು ಟೈಪಿಸ್ಟನ ಬಳಿಯ ಸಿದ್ಧ ನಮೂನೆಗೆ ಬಿಡುವುದಿಲ್ಲ. ಎರಡು ತಿಂಗಳ ಬಾಡಿಗೆ ನಿಂತರೆ ಮುಂಗಡದಲ್ಲಿ ಹಿಡಿಯತಕ್ಕದ್ದಲ್ಲ, ನೋಟೀಸು ಕೊಡತಕ್ಕದ್ದು. ನೀರಿಗೆ ಮೀಟರಿನ ಅಂಕಿಯೇ ಪ್ರಮಾಣ. ಮೋಟಾರನ್ನು ಯಾವ ದಿನ ಯಾರು ಹಾಕಿ ಆರಿಸತಕ್ಕದ್ದು. ರಾತ್ರಿ ಗೇಟಿಗೆ ಯಾರ ಬೀಗ. ಬಲ್ಬು ಎಷ್ಟು, ನಲ್ಲಿ ಎಷ್ಟು. ಕಳೆದ ಸಲ ಮೂರನೆಯ ಮನೆಗೆ ಬಂದ ಕಾಲೇಜಿನ ಅಧ್ಯಾಪಕಿಯೊಬ್ಬರು ಇದನ್ನೆಲ್ಲ ತಾಳ್ಮೆಯಿಂದ ಓದಿ, ಪೆನ್ನನ್ನು ಕೆಳಗಿಟ್ಟು, "ಸಾರ್, ನಂದೂ ಒಂದು ಷರತ್ತು ಸೇರಿಸ್ತೀರಾ? ಮನೆ ನೋಡೋಕೆ ಬರೋದಾದ್ರೆ ನೀವು ಹಿಂದಿನ ದಿನವೇ ಹೇಳ್ಬೇಕು" ಎಂದರು. ನನ್ನ ಮನೆಯೊಳಕ್ಕೆ ನಾನು ಅಪ್ಪಣೆ ಕೇಳಿ ಹೋಗುವುದೆ ಎಂದು ಮನಸ್ಸಿಗೆ ಒಂದಿಷ್ಟು ಇರುಸುಮುರುಸಾದದ್ದು ನಿಜ. ಆದರೆ ಬಾಡಿಗೆಯನ್ನು ಕೊಟ್ಟು ಇರುವಷ್ಟು ಕಾಲ ಒಳಗಿನ ನೆಮ್ಮದಿ ಅವರದೆಂಬುದು ಆ 1882ರ ಕಾಯಿದೆಯಲ್ಲಿಯೇ ಇರುವ ಮಾತು. ಹನ್ನೆರಡನೆಯ ಷರತ್ತೆಂದು ಅದನ್ನು ಕೈಯಲ್ಲಿಯೇ ಬರೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು.