ಕಡಲಾಳದ ಕೇಬಲ್ ಓದಲು ಆನ್‌ಲೈನ್ ಪದವಿ: ಶುಲ್ಕ ಕಟ್ಟುವ ಮುನ್ನ

2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದ ಜೆಡ್ಡಾ ಬಳಿ ಕೇಬಲ್‌ಗಳು ತುಂಡಾಗಿ ಭಾರತದಲ್ಲೂ ಇಂಟರ್ನೆಟ್ ಕುಂಟಿತು. ಖಂಡಗಳ ನಡುವಿನ ಡೇಟಾದಲ್ಲಿ ಶೇ 95ಕ್ಕೂ ಹೆಚ್ಚು ಓಡಾಡುವುದು ಸಮುದ್ರತಳದ ಫೈಬರ್‌ನಲ್ಲಿ. ಉಪಗ್ರಹಗಳ ಪಾಲು ಅತ್ಯಲ್ಪ. ಈ ಜಾಲವನ್ನು ಯೋಜಿಸುವ, ಹಾಸುವ, ಕಾಯುವ ಕೆಲಸಕ್ಕೆ ತರಬೇತಿ ಪಡೆದವರು ಬೇಕು. ಅದಕ್ಕಾಗಿ ಎಂಜಿನಿಯರಿಂಗ್, ಕಾನೂನು, ಪರಿಸರ ಎಲ್ಲವನ್ನೂ ಬೆಸೆದ ಆನ್‌ಲೈನ್ ಸ್ನಾತಕೋತ್ತರ ಪದವಿ ಮಾಡುವ ಯೋಚನೆ ನಿಮಗಿದ್ದರೆ, ಹೀಗೆ ಹೆಜ್ಜೆ ಇಡಿ.

ಮೊದಲು ಪಠ್ಯಕ್ರಮ ತರಿಸಿಕೊಂಡು ಸಾಲುಸಾಲಾಗಿ ಓದಿ. ಒಂದು ಕೇಬಲ್‌ನ ಬದುಕನ್ನೇ ಹಿಡಿದು ಹೋದರೆ ಅಲ್ಲಿ ಏನೇನಿರಬೇಕೆಂದು ಗೊತ್ತಾಗುತ್ತದೆ. ಹಲವು ಕಂಪನಿಗಳು ಕೂಡಿ ಬಂಡವಾಳ ಹಾಕುತ್ತವೆ. ಹಡಗು ಸಮುದ್ರತಳದ ಸರ್ವೆ ಮಾಡುತ್ತದೆ. ದಡದಿಂದ 12 ನಾಟಿಕಲ್ ಮೈಲಿಯೊಳಗೆ ಆಯಾ ದೇಶದ ಅನುಮತಿ ಬೇಕು; ಅದರಾಚೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಕೇಬಲ್ ಹಾಸುವ ಸ್ವಾತಂತ್ರ್ಯ ಕೊಡುತ್ತದೆ. ತೀರದ ಬಳಿ ಕೇಬಲ್‌ಗೆ ಉಕ್ಕಿನ ಕವಚ ತೊಡಿಸಿ ಹೂಳುತ್ತಾರೆ, ಆಳದಲ್ಲಿ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪದ್ದನ್ನು ಸುಮ್ಮನೆ ಮಲಗಿಸುತ್ತಾರೆ. ಸುಮಾರು 60ರಿಂದ 100 ಕಿ.ಮೀ.ಗೊಂದು, ಸಂಕೇತಕ್ಕೆ ಮತ್ತೆ ಬಲ ತುಂಬುವ ರಿಪೀಟರ್ ಇರುತ್ತದೆ. ಅದಕ್ಕೆ ಬೇಕಾದ ಸಾವಿರಾರು ವೋಲ್ಟ್ ವಿದ್ಯುತ್ ದಡದಿಂದ ಅದೇ ಕೇಬಲ್‌ನ ತಾಮ್ರದ ಮೂಲಕ ಹೋಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕಡೆ ಕೇಬಲ್ ಕೆಡುತ್ತದೆ. ಬಹುಪಾಲು ಕಾರಣ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರು. ಶಾರ್ಕ್ ಕಚ್ಚಿತು ಎಂಬ ಕಥೆಗೆ ಸಿಗುವ ಪ್ರಚಾರ ಇವಕ್ಕೆ ಸಿಗುವುದಿಲ್ಲ, ಅಷ್ಟೆ.

ಆದ್ದರಿಂದ ಪಠ್ಯಕ್ರಮದಲ್ಲಿ ಬರೀ ಆಪ್ಟಿಕಲ್ ಫೈಬರ್ ಇದ್ದರೆ ಅದು ಹೊಸ ಹೆಸರು ಹೊತ್ತ ಹಳೆಯ ಟೆಲಿಕಾಂ ಕೋರ್ಸ್. ಅನುಮತಿ, ವಿಮೆ, ಮೀನುಗಾರರ ಜತೆಗಿನ ಮಾತುಕತೆ, ದುರಸ್ತಿ ಒಪ್ಪಂದ ಇವಕ್ಕೂ ಪಾಠ ಇರಲೇಬೇಕು. ಕಲಾ ವಿಭಾಗದವರು ಇಲ್ಲಿ ಹಿಂಜರಿಯಬೇಕಿಲ್ಲ. ಈ ಕ್ಷೇತ್ರದ ಮುಖ್ಯ ಪುಸ್ತಕಗಳಲ್ಲೊಂದಾದ ‘ದಿ ಅಂಡರ್‌ಸೀ ನೆಟ್‌ವರ್ಕ್’ (2015) ಬರೆದ ನಿಕೋಲ್ ಸ್ಟಾರೊಸಿಯೆಲ್‌ಸ್ಕಿ ಮಾಧ್ಯಮ ಅಧ್ಯಯನದ ಪ್ರಾಧ್ಯಾಪಕಿ.

ಎರಡನೆಯದು ಮಾನ್ಯತೆ. ಹೆಚ್ಚಿನವರು ಎಡವುವುದು ಇಲ್ಲೇ. ಯುಜಿಸಿ ನಿಯಮದಡಿ ಎಂಜಿನಿಯರಿಂಗ್ ಮತ್ತು ಕಾನೂನು ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ. ಭಾರತದ ವಿಶ್ವವಿದ್ಯಾಲಯವಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೊ ಪಟ್ಟಿಯಲ್ಲಿ ಆ ಕೋರ್ಸ್‌ನ ಹೆಸರೇ ಇದೆಯೇ ನೋಡಿ, ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ವಿದೇಶಿ ಪದವಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಸರ್ಕಾರಿ ಕೆಲಸ ಅಥವಾ ಪಿಎಚ್‌.ಡಿ. ಗುರಿಯಾಗಿದ್ದರೆ, ಆನ್‌ಲೈನ್‌ನಲ್ಲಿ ಪಡೆದ ಈ ಪದವಿಗೆ ಇಲ್ಲಿ ಸಮಾನತೆ ಸಿಗುವುದೇ ಎಂದು ಯುಜಿಸಿಯನ್ನು ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿ. ಏಜೆಂಟರ ಬಾಯಿಮಾತು ನಂಬಬೇಡಿ.

ತರಗತಿಯ ವೇಳೆಯನ್ನೂ ಲೆಕ್ಕ ಹಾಕಿ. ಪ್ಯಾರಿಸ್‌ನ ಸಂಜೆ 6 ಗಂಟೆಯ ತರಗತಿ ನಮಗೆ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆಗೆ. ಕ್ಯಾಲಿಫೋರ್ನಿಯಾದ್ದಾದರೆ ಬೆಳಗಿನ ಆರೂವರೆ ಅಥವಾ ಏಳೂವರೆಗೆ ಶುರು; ಮುಗಿಸಿ ಆಫೀಸಿಗೆ ಹೋಗಬಹುದು.

ಎರಡು ವರ್ಷದ ಪದವಿಗೆ ನೇರ ಹಾರುವ ಬದಲು ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ ನೋಡುವುದು ಜಾಣತನ. ಅದರ ಕ್ರೆಡಿಟ್ ಮುಂದೆ ಪದವಿಗೆ ಸೇರುವುದೇ ಎಂದೂ ವಿಚಾರಿಸಿ. ಸಮುದ್ರದ ಎಂಜಿನಿಯರಿಂಗೇ ನಿಮ್ಮ ಒಲವಾದರೆ ಆನ್‌ಲೈನ್ ಬಿಡಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವಿದೆ. ಹಡಗು, ಅಲೆ, ಮರಳು ಪರದೆಯ ಮೇಲೆ ಪೂರ್ತಿ ಅರ್ಥವಾಗುವ ಸಂಗತಿಗಳಲ್ಲ. ಆನ್‌ಲೈನ್ ಕೋರ್ಸನ್ನೇ ಆರಿಸಿದರೂ ಕೇಬಲ್ ದಡ ಸೇರುವ ಲ್ಯಾಂಡಿಂಗ್ ಸ್ಟೇಷನ್‌ನಲ್ಲೋ ಕೇಬಲ್ ಹಡಗಿನಲ್ಲೋ ಇಂಟರ್ನ್‌ಶಿಪ್ ಕೊಡಿಸುತ್ತಾರೆಯೇ ಕೇಳಿ. ಇಲ್ಲವೆಂದರೆ ನನ್ನ ಮಟ್ಟಿಗೆ ಆ ಕೋರ್ಸ್‌ನ ಅರ್ಧ ಬೆಲೆ ಹೋದಂತೆ.

ಕೊನೆಗೆ ಉದ್ಯೋಗ. ಕೇಬಲ್ ತಯಾರಿಸಿ ಹಾಸುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು: ಅಮೆರಿಕದ ಸಬ್‌ಕಾಮ್, ಫ್ರಾನ್ಸ್‌ನ ಆಲ್ಕಟೆಲ್ ಸಬ್‌ಮರೀನ್ ನೆಟ್‌ವರ್ಕ್ಸ್, ಜಪಾನಿನ ಎನ್‌ಇಸಿ, ಚೀನಾದ ಎಚ್‌ಎಂಎನ್. ಭಾರತದಲ್ಲಿ ಟಾಟಾ ಕಮ್ಯುನಿಕೇಷನ್ಸ್, ಏರ್‌ಟೆಲ್, ಜಿಯೊ ಈ ವ್ಯವಹಾರದಲ್ಲಿವೆ. ಅಂತರರಾಷ್ಟ್ರೀಯ ಕೇಬಲ್‌ಗಳು ನಮ್ಮಲ್ಲಿ ದಡ ಸೇರುವುದು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈನಲ್ಲಿ, ಸ್ವಲ್ಪ ಮಟ್ಟಿಗೆ ಕೊಚ್ಚಿಯಂಥ ಊರುಗಳಲ್ಲಿ. ಊರು ಬಿಡಲು ತಯಾರಿದ್ದರೆ ಮಾತ್ರ ಅರ್ಜಿ ಹಾಕಿ.