ಪುಣೆಗೆ ಹೊರಟಿರಾ? ವಾಪಸ್ ಬರುವ ಟಿಕೆಟ್ ಮೊದಲು ಮಾಡಿಸಿ

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಸಂಗೀತಪ್ರಿಯರ ಕಾಲು ಪುಣೆಯ ಕಡೆ ತಿರುಗುತ್ತದೆ. ಕುಂದಗೋಳದ ಗುರುವಿನ ಹೆಸರಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವ ನಡೆಯುವುದು ಆಗಲೇ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುವುದೂ ಹೆಚ್ಚುಕಡಿಮೆ ಆಗಲೇ. ಅಧಿವೇಶನಕ್ಕೆ ಎದುರಾಗಿ ಮಹಾರಾಷ್ಟ್ರ ಏಕೀಕರಣ ಸಮಿತಿಯ (ಎಂಇಎಸ್) ಮೇಳಾವ, ಮೇಳಾವಕ್ಕೆ ತಡೆ, ಸಂಜೆಯ ಹೊತ್ತಿಗೆ ಟಿ.ವಿ.ಯಲ್ಲಿ ಮಸಿ ಬಳಿದ ಬಸ್ಸು.

ಇದನ್ನು ನೋಡಿ ಕೆಲವರು ಪ್ರವಾಸವನ್ನೇ ಕೈಬಿಡುತ್ತಾರೆ. ಇನ್ನು ಕೆಲವರು 'ಏನೂ ಆಗಂಗಿಲ್ಲ ಬಿಡ್ರಿ' ಎಂದು ಹೋಗುವ, ಬರುವ ಎರಡೂ ಟಿಕೆಟನ್ನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಮಾಡಿಸಿ ಹೊರಟುಬಿಡುತ್ತಾರೆ. ಎರಡೂ ತಪ್ಪೇ. ಪುಣೆ ಕನ್ನಡಿಗರಿಗೆ ಅಪಾಯದ ಊರಲ್ಲ. ತೊಂದರೆ ಇರುವುದು ದಾರಿಯಲ್ಲಿ, ಅದೂ ಬಹುತೇಕ ಬರುವ ದಾರಿಯಲ್ಲಿ.

ಗಡಿ ವಿವಾದದ ಇತಿಹಾಸ ಇಲ್ಲಿ ಬೇಡ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ್ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ಇವೆಲ್ಲ ಎಲ್ಲರಿಗೂ ಗೊತ್ತು. ಪ್ರವಾಸಿಗೆ ಬೇಕಾದದ್ದು, ಕಾವು ಏರಿದಾಗ ಪೆಟ್ಟು ಬೀಳುವುದು ಎಲ್ಲಿ ಎನ್ನುವ ಲೆಕ್ಕ. 2022ರ ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ಬಿತ್ತು. ಅದೇ ದಿನ ಪುಣೆಯ ಸ್ವಾರ್‌ಗೇಟ್‌ನಲ್ಲಿ ಉದ್ಧವ್ ಬಣದ ಶಿವಸೇನೆ ಕಾರ್ಯಕರ್ತರು ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರವರಿಯಲ್ಲಿ ಸುಳೇಭಾವಿ ಬಳಿ ಭಾಷೆಯ ವಿಚಾರಕ್ಕೆ ಬಸ್ ನಿರ್ವಾಹಕರ ಮೇಲೆ ಹಲ್ಲೆಯಾಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸಿಗೂ ಚಾಲಕನಿಗೂ ಮಸಿ ಬಳಿದರು. ಮರುದಿನವೇ ಮಹಾರಾಷ್ಟ್ರ ಕರ್ನಾಟಕಕ್ಕೆ ಬಸ್ ನಿಲ್ಲಿಸಿತು, ಸ್ವಾರ್‌ಗೇಟ್‌ನಲ್ಲಿ ಮತ್ತೆ ಮಸಿ. ಎರಡು ಸಲವೂ ಸಿಟ್ಟು ತಿರುಗಿದ್ದು ಬಸ್ಸು ಮತ್ತು ಅದರ ಸಿಬ್ಬಂದಿಯ ಮೇಲೆ, ಲಾರಿಯ ಮೇಲೆ, ನಂಬರ್ ಪ್ಲೇಟಿನ ಮೇಲೆ. ಶನಿವಾರವಾಡಾ ನೋಡಲು ಬಂದ ಕುಟುಂಬದ ಮೇಲಲ್ಲ.

ತಾರೀಕು ಗೊತ್ತುಮಾಡುವ ಮುನ್ನ

ನವೆಂಬರ್ 1ರ ಆಸುಪಾಸು ಬೆಳಗಾವಿ ಮೇಲೆ ರಸ್ತೆ ಪ್ರಯಾಣ ಇಟ್ಟುಕೊಳ್ಳಬೇಡಿ. ಅಲ್ಲಿ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಎಂಇಎಸ್‌ನ ಕರಾಳ ದಿನ. ಅಧಿವೇಶನದ ಮೊದಲ ದಿನ ಮತ್ತು ಜನವರಿ 17, ಅಂದರೆ ಎಂಇಎಸ್‌ನವರು ಹುತಾತ್ಮ ದಿನ ಆಚರಿಸುವ ದಿನ, ಇವೂ ಅದೇ ಪಟ್ಟಿಗೆ ಸೇರುತ್ತವೆ.

ಪುಣೆಗೆ ಅದರದೇ ಕ್ಯಾಲೆಂಡರ್ ಇದೆ. ಹೊಸ ವರ್ಷಕ್ಕೆ ಹೋಗುವವರು ಕೋರೆಗಾಂವ್ ಪಾರ್ಕ್ ಮತ್ತು ಕೋರೆಗಾಂವ್ ಭೀಮಾ ಒಂದೇ ಎಂದು ಗಾಬರಿಯಾಗುವುದನ್ನು ನೋಡಿದ್ದೇನೆ. ಮೊದಲನೆಯದು ರೈಲು ನಿಲ್ದಾಣದ ಆಚೆಗಿನ ಬಡಾವಣೆ. ಎರಡನೆಯದು ಊರಿನಿಂದ ಸುಮಾರು 30 ಕಿ.ಮೀ. ದೂರ, ಅಹಿಲ್ಯಾನಗರ ರಸ್ತೆಯಲ್ಲಿದೆ. ಜನವರಿ 1ರಂದು ಅಲ್ಲಿನ ಜಯಸ್ತಂಭಕ್ಕೆ ಲಕ್ಷಾಂತರ ಜನ ನಮಿಸಲು ಬರುತ್ತಾರೆ. 2018ರಲ್ಲಿ ಆ ದಿನ ಹಿಂಸೆ ನಡೆದು, ಜನವರಿ 3ರಂದು ರಾಜ್ಯವ್ಯಾಪಿ ಬಂದ್ ಆಯಿತು. ಈಗ ಪ್ರತಿವರ್ಷ ಬಿಗಿ ಬಂದೋಬಸ್ತು ಇರುತ್ತದೆ, ವಾಹನಗಳನ್ನು ಬೇರೆ ರಸ್ತೆಗೆ ತಿರುಗಿಸುತ್ತಾರೆ. ಪುಣೆ ಮುಗಿಸಿ ಅದೇ ರಸ್ತೆಯಲ್ಲಿ ಶಿರಡಿಗೆ ಹೋಗುವವರು ಆ ದಿನ ಬಿಟ್ಟು ಹೊರಡಿ. ಗಣೇಶ ವಿಸರ್ಜನೆಯ ಮೆರವಣಿಗೆ 24 ಗಂಟೆ ಮೀರುವುದೂ ಉಂಟು; ಅಷ್ಟು ಹೊತ್ತೂ ಲಕ್ಷ್ಮಿ ರಸ್ತೆ, ತಿಲಕ್ ರಸ್ತೆ ವಾಹನಗಳಿಗೆ ಬಂದ್. ಅದು ಗಲಾಟೆಯಲ್ಲ, ಹಬ್ಬ. ಆದರೆ ರೈಲು ತಪ್ಪಿಸಿಕೊಳ್ಳಲು ಅಷ್ಟೇ ಸಾಕು.

ವಾಪಸ್ ಟಿಕೆಟ್

ಜನ ಎಡವುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ಎಳೆದೇ ಬರೆಯುತ್ತೇನೆ.

ಹೊರಡುವ ಮೊದಲೇ ಗಲಾಟೆ ಇದ್ದರೆ ನೀವು ಮನೆಯಲ್ಲೇ ಇರುತ್ತೀರಿ, ಪ್ರವಾಸ ಮುಂದಕ್ಕೆ ಹಾಕಬಹುದು. ಬರುವಾಗ ಗಲಾಟೆಯಾದರೆ ಲಾಡ್ಜ್ ಚೆಕ್‌ಔಟ್ ಆಗಿರುತ್ತದೆ, ಕೈಯಲ್ಲಿ ಬ್ಯಾಗು, ಜೊತೆಗೆ ವಯಸ್ಸಾದ ತಾಯಿ. ಬಸ್ ರದ್ದಾದರೆ ಟಿಕೆಟಿನ ಹಣ ವಾಪಸ್ ಬರುತ್ತದೆ, ಅದರಿಂದ ಊರು ಸೇರಲಾಗುವುದಿಲ್ಲ. ಅದಕ್ಕಿಂತ ಫಜೀತಿ ಅರ್ಧ ದಾರಿಯದು. ನನ್ನ ಪರಿಚಯದ ಧಾರವಾಡದ ಕುಟುಂಬವೊಂದು ಪುಣೆಗೆ ಹೋಗುವಾಗಲೇ ಹೀಗೆ ಸಿಕ್ಕಿಕೊಂಡಿತ್ತು. ನಿಪ್ಪಾಣಿ ದಾಟಿ ಕೊಗನೊಳಿ ಟೋಲ್ ಹತ್ತಿರ ಬಸ್ ನಿಂತಿತು. 'ಇಲ್ಲೀತನಕಾ ಅಷ್ಟ ರೀ, ಮುಂದ ನಮ್ಮ ಗಾಡಿ ಹೋಗಂಗಿಲ್ಲ' ಎಂದು ಕಂಡಕ್ಟರ್ ಇಳಿದುಬಿಟ್ಟರು. ಬಿಸಿಲಲ್ಲಿ ಹೆದ್ದಾರಿಯ ಅಂಚಿನಲ್ಲಿ ಟ್ರಾಲಿ ಬ್ಯಾಗು ಎಳೆದುಕೊಂಡು, ಆಚೆ ಕಾಗಲ್ ಕಡೆಗೆ ಸಿಕ್ಕ ಟೆಂಪೊ ಹತ್ತಿ, ಅವನು ಕೇಳಿದಷ್ಟು ಕೊಟ್ಟು ಕೊಲ್ಲಾಪುರ ಸೇರಿದರು. ಯಾರೂ ಅವರ ಮೈಮುಟ್ಟಲಿಲ್ಲ, ಬೈಯಲಿಲ್ಲ. ಆದರೂ ಆ ಮನೆಯ ಹಿರಿಯರು ಇಂದಿಗೂ ಪುಣೆಯ ಹೆಸರೆತ್ತಿದರೆ ಬೇಡ ಅನ್ನುತ್ತಾರೆ.

ಆದ್ದರಿಂದ ಕ್ರಮ ತಿರುಗಿಸಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆ ದಿನ ಬೆಳಿಗ್ಗೆಯೇ ಪುಣೆಯಿಂದ ನಿಮ್ಮೂರಿಗೆ ಬರುವ ಟಿಕೆಟ್ ಮಾಡಿಸಿ. ಹೋಗುವುದಕ್ಕೆ ಬಸ್ಸಾದರೂ ಸರಿ, ಕಾರಾದರೂ ಸರಿ, ಆಮೇಲೆ ನೋಡಿಕೊಳ್ಳಿ. ಬಸ್ಸು ನಿಂತ ದಿನಗಳಲ್ಲೂ ರೈಲು ಓಡಿದೆ ಎನ್ನುವುದನ್ನು ನೆನಪಿಡಿ.

ಪುಣೆಯಿಂದ ಕರ್ನಾಟಕಕ್ಕೆ ರೈಲಿನ ಮುಖ್ಯ ದಾರಿ ಎರಡು. ಒಂದು ಮಿರಜ್, ಬೆಳಗಾವಿ ಮೇಲಾಗಿ ಹುಬ್ಬಳ್ಳಿಗೆ. ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ಈ ದಾರಿಯವು, ಯಾವ ದಿನ ಯಾವುದು ಎಂದು ನೋಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ವಾರಕ್ಕೆ ಮೂರು ದಿನದ ಗಾಡಿ. ಅದು ಪುಣೆಯಲ್ಲೇ ಹೊರಡುವುದರಿಂದ ನನ್ನ ಮೊದಲ ಆಯ್ಕೆ ಅದೇ. ಉಳಿದೆರಡೂ ಮುಂಬೈ ಕಡೆಯಿಂದಲೇ ತುಂಬಿ ಬರುತ್ತವೆ. ಇನ್ನೊಂದು ದಾರಿ ಸೊಲ್ಲಾಪುರ, ಕಲಬುರಗಿ, ರಾಯಚೂರು ಮೇಲೆ. ಬೆಂಗಳೂರಿನವರು ಹತ್ತುವ ಉದ್ಯಾನ್ ಎಕ್ಸ್‌ಪ್ರೆಸ್ ಹೀಗೆ ಬರುತ್ತದೆ, ದಿನವೂ ಇದೆ. ಈ ದಾರಿಗೆ ಬೆಳಗಾವಿಯೂ ಇಲ್ಲ, ಕೊಗನೊಳಿಯೂ ಇಲ್ಲ. ವಿಜಯಪುರದವರು ಸೊಲ್ಲಾಪುರದಲ್ಲಿ ಗಾಡಿ ಬದಲಿಸಬಹುದು.

ಟಿಕೆಟ್ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತತ್ಕಾಲ್ ಇದೆ ಎನ್ನುತ್ತೀರಿ. ಇದೆ. ಆದರೆ 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಖಾತೆ ಆಧಾರ್ ಜೊತೆ ದೃಢೀಕರಣ ಆಗಿರಲೇಬೇಕು. ಈ ಕೆಲಸವನ್ನು ಮನೆಯಲ್ಲಿ ಮುಗಿಸಿಯೇ ಹೊರಡಿ. ಮಗನ ಖಾತೆ, ಒಟಿಪಿ ಬರುವುದು ಅಪ್ಪನ ಮೊಬೈಲಿಗೆ, ಅಪ್ಪ ಊರಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿ, ಇಂಥದ್ದೆಲ್ಲ ಆಗುತ್ತದೆ. ಪ್ರಯಾಣದ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತತ್ಕಾಲ್ ತೆರೆಯುತ್ತದೆ. ಹಾಗಾಗಿ ಗಲಾಟೆಯ ಸುದ್ದಿ ಬಂದ ದಿನವೇ ನಿರ್ಧರಿಸಿ, 'ಸಂಜೆ ನೋಡೋಣ' ಎಂದು ಕೂರಬೇಡಿ. ಅದೂ ತಪ್ಪಿದರೆ ಮಿರಜ್‌ವರೆಗೆ ಯಾವ ರೈಲಾದರೂ ಹಿಡಿಯಿರಿ, ಅಲ್ಲಿಂದ ಬೆಳಗಾವಿಗೆ ಇನ್ನೊಂದು. ಇಲ್ಲವೇ ಎಸ್.ಟಿ. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ. ಅದು ಮಹಾರಾಷ್ಟ್ರದ ಒಳಗಿನ ಓಡಾಟ, ಗಡಿಯ ಜಗಳಕ್ಕೆ ನಿಲ್ಲುವುದಿಲ್ಲ.

ಖಾಸಗಿ ಸ್ಲೀಪರ್ ಬಸ್ಸಿನವರು 'ನಮಗೇನೂ ತೊಂದರೆ ಇಲ್ಲ ಸರ್' ಎನ್ನುತ್ತಾರೆ. ಅವರ ಬಸ್ಸಿಗೆ ಸರ್ಕಾರಿ ಲಾಂಛನ ಇಲ್ಲ, ನಿಜ. ಓಡುವುದು ಮಾತ್ರ ಅದೇ ಹೆದ್ದಾರಿಯಲ್ಲಿ. ಹಿರೇಬಾಗೇವಾಡಿಯಲ್ಲಿ ಕಲ್ಲು ತಿಂದ ಲಾರಿಗಳಿಗೂ ಲಾಂಛನ ಇರಲಿಲ್ಲ.

ಕಾರಿನಲ್ಲಿ ಹೋಗುವವರಿಗೆ

ಕೆಎ ನಂಬರಿನ ಕಾರುಗಳು ಪುಣೆಯಲ್ಲಿ ಸಾವಿರಾರು ಓಡಾಡುತ್ತವೆ, ಅದಕ್ಕೆ ಹೆದರಬೇಡಿ. ಆದರೆ ಹಳದಿ-ಕೆಂಪು ಬಾವುಟ, ಗಾಜಿನ ಮೇಲಿನ ಸಂಘಟನೆಯ ಸ್ಟಿಕರ್ ಹೊರಡುವ ಮುನ್ನ ತೆಗೆದಿಡಿ. ಇದಕ್ಕೆ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ ಅಭಿಮಾನವನ್ನು ಬಾನೆಟ್ ಮೇಲೆ ಹೊತ್ತು ತಿರುಗುವುದು ನನಗೆ ಸರಿ ಕಾಣುವುದಿಲ್ಲ. ಪುಣೆ ಸೇರಿದ ಮೇಲೆ ಕಾರನ್ನು ಲಾಡ್ಜಿನಲ್ಲೇ ಬಿಡಿ. ಮಳೆಗಾಲದಲ್ಲಿ ಕೊಲ್ಲಾಪುರದ ಆಸುಪಾಸು ಹೆದ್ದಾರಿಯೇ ನೀರಿನಡಿ ಹೋಗುವುದುಂಟು, 2019 ಮತ್ತು 2021ರಲ್ಲಿ ಹಾಗಾಗಿದೆ.

ಎಲ್ಲಿ ಇಳಿಯುವುದು, ಯಾವಾಗ ತಿರುಗುವುದು

ಬಸ್ಸಿಗೆ ಹತ್ತಿರ ಎಂದು ಸ್ವಾರ್‌ಗೇಟ್ ಪಕ್ಕದಲ್ಲೇ ರೂಮು ಹಿಡಿಯುವುದು ನಮ್ಮವರ ರೂಢಿ. ಮಹೋತ್ಸವ ನಡೆಯುವ ಮುಕುಂದನಗರಕ್ಕೂ ಅದು ಹತ್ತಿರವೇ. ನನ್ನ ಮಾತು ಕೇಳುವುದಾದರೆ ಶಿವಾಜಿನಗರ ಅಥವಾ ಪುಣೆ ಸ್ಟೇಷನ್ ಕಡೆ ಉಳಿಯಿರಿ. ಸ್ವಾರ್‌ಗೇಟ್‌ವರೆಗೆ ಮೆಟ್ರೊ 2024ರ ಸೆಪ್ಟೆಂಬರ್‌ನಲ್ಲೇ ಬಂದಿದೆ, ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಇನ್ನೊಂದು ಮಾರ್ಗಕ್ಕೆ ಬದಲಿಸಬಹುದು. ರಸ್ತೆಯಲ್ಲಿ ಮೋರ್ಚಾ ಇದ್ದಾಗ ನೆಲದಡಿಯ ಮೆಟ್ರೊದಷ್ಟು ಅನುಕೂಲ ಇನ್ನೊಂದಿಲ್ಲ.

ಸ್ವಾರ್‌ಗೇಟ್ ಬಗ್ಗೆ ಇನ್ನೊಂದು ಮಾತು. 2025ರ ಫೆಬ್ರವರಿ 22ರ ಮಸಿಯನ್ನು ನಮ್ಮ ಚಾನೆಲ್‌ಗಳು ದಿನವಿಡೀ ತೋರಿಸಿದವು. ಅದೇ ತಿಂಗಳ 25ರ ನಸುಕಿನಲ್ಲಿ, ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ, ಊರಿಗೆ ಹೋಗಲು ಕಾಯುತ್ತಿದ್ದ ಯುವತಿಗೆ ಬಸ್ಸು ಅಲ್ಲಿದೆ ಎಂದು ನಂಬಿಸಿ, ನಿಂತಿದ್ದ ಖಾಲಿ ಬಸ್ಸಿಗೆ ಹತ್ತಿಸಿ ಅತ್ಯಾಚಾರ ಎಸಗಲಾಯಿತು. ರಾಜಕೀಯದ ಗಲಾಟೆಗೆ ಹೆದರುವ ನಾವು ಇದಕ್ಕೂ ಅಷ್ಟೇ ಎಚ್ಚರದಿಂದಿರಬೇಕು. ನಸುಕಿನಲ್ಲಿ ಇಳಿದರೆ ವಿಚಾರಣಾ ಕೌಂಟರಿನ ಹತ್ತಿರ, ಬೆಳಕಿರುವಲ್ಲಿ ಕೂತು ಬೆಳಗಾಗಲು ಕಾಯಿರಿ. ಬಸ್ಸು ಆಚೆ ನಿಂತಿದೆ ಎಂದು ಯಾರೇ ಕರೆದರೂ ಹಿಂದೆ ಹೋಗಬೇಡಿ.

ತಿರುಗಾಟದಲ್ಲಿ ಹಳೇ ಪೇಟೆಯನ್ನು ಮೊದಲ ದಿನ ಬೆಳಿಗ್ಗೆಯೇ ಮುಗಿಸಿ. ಕಸಬಾ ಗಣಪತಿ, ಲಾಲ್ ಮಹಲ್, ಶನಿವಾರವಾಡಾ, ದಗಡೂಶೇಠ್ ಗಣಪತಿ, ತುಳಶೀಬಾಗ್, ಎಲ್ಲವೂ ನಡೆದು ಮುಗಿಯುವಷ್ಟು ಹತ್ತಿರ. ಮೊದಲ ದಿನವೇ ಯಾಕೆಂದರೆ ಬಂದ್ ಆದಾಗ ಮುಚ್ಚುವುದು ಇದೇ ಭಾಗ. ಆಗಿನ ರಾಜ್ಯಪಾಲ ಕೋಶಿಯಾರಿ ಶಿವಾಜಿ ಮಹಾರಾಜರ ಬಗ್ಗೆ ಆಡಿದ ಮಾತಿಗೆ 2022ರ ಡಿಸೆಂಬರ್ 13ರಂದು ಪುಣೆ ಬಂದ್ ಆಯಿತು, ಡೆಕ್ಕನ್‌ನಿಂದ ಲಾಲ್ ಮಹಲ್‌ವರೆಗೆ ಮೋರ್ಚಾ ನಡೆಯಿತು. ಮರುದಿನವೇ ಸವಾಯಿ ಗಂಧರ್ವ ಶುರು. ಒಂದು ದಿನ ಮೊದಲು ಬಂದಿಳಿದವರಿಗೆ ಲಕ್ಷ್ಮಿ ರಸ್ತೆಯಲ್ಲಿ ಸಿಕ್ಕಿದ್ದು ಎಳೆದ ಶಟರುಗಳು. ಅಂಥ ದಿನಕ್ಕೆಂದು ಆಗಾಖಾನ್ ಅರಮನೆಯನ್ನು ಕೈಯಲ್ಲಿಟ್ಟುಕೊಳ್ಳಿ. ಕಸ್ತೂರಬಾ 1944ರಲ್ಲಿ ಕೊನೆಯುಸಿರೆಳೆದ ಜಾಗ ಅದು, ಪೇಟೆಯಿಂದ ದೂರ, ಕಲ್ಯಾಣಿ ನಗರ ಮೆಟ್ರೊ ನಿಲ್ದಾಣದಿಂದ ರಿಕ್ಷಾಕ್ಕೆ ಹತ್ತಿರ. ಅಲಕಾ ಟಾಕೀಸ್ ಚೌಕ, ಕಲೆಕ್ಟರ್ ಕಚೇರಿಯ ಮುಂಭಾಗ ಧರಣಿಯ ಮಾಮೂಲಿ ಜಾಗಗಳು. ಗುಂಪು ಕಂಡರೆ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾ ನಿಲ್ಲಬೇಡಿ, ಪಕ್ಕದ ಗಲ್ಲಿಗೆ ತಿರುಗಿ.

ಭಾಷೆಯ ಭಯ ಹಲವರಿಗಿದೆ. ನಿಮ್ಮ ನಿಮ್ಮೊಳಗೆ ಕನ್ನಡ ಧಾರಾಳವಾಗಿ ಆಡಿ, ಅಲ್ಲಿ ಕನ್ನಡ ಕಿವಿಗೆ ಹೊಸದಲ್ಲ. ಫರ್ಗ್ಯುಸನ್ ರಸ್ತೆಯ 'ವೈಶಾಲಿ'ಯನ್ನು ಕಟ್ಟಿದವರು ನಮ್ಮ ಶೆಟ್ಟರೇ. ರಿಕ್ಷಾದವನ ಹತ್ತಿರ ಮುರುಕು ಮರಾಠಿಯೇ ಸಾಕು. ಗಡಿ ಯಾರದ್ದು ಎಂದು ಅವನು ಕೇಳಿದರೆ ಮೀಟರ್ ಎಷ್ಟಾಯಿತು ಎಂದು ಕೇಳಿ.

ಉಳಿದದ್ದು ಚುಟುಕಾಗಿ

ಬಂದ್ ಘೋಷಣೆಯಾದರೆ ಹಿಂದಿನ ರಾತ್ರಿಯೇ ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ. ಬಂದ್ ಬಿಗಿ ಬೆಳಿಗ್ಗೆ ಹೆಚ್ಚು, ಮಧ್ಯಾಹ್ನದ ಮೇಲೆ ಸಡಿಲವಾಗುವುದೇ ಸಾಮಾನ್ಯ. ಪೊಲೀಸರು 'ಜಮಾವ್‌ಬಂದಿ' ಹೊರಡಿಸಿದರೆ ಅದು ನಮ್ಮಲ್ಲಿ 144 ಎನ್ನುತ್ತಿದ್ದ ನಿಷೇಧಾಜ್ಞೆಯೇ, ಈಗ ಬಿಎನ್‌ಎಸ್‌ಎಸ್ 163. ಹತ್ತು ಜನರ ತಂಡವಾಗಿ ಚೌಕದಲ್ಲಿ ನಿಲ್ಲಬೇಡಿ. ಬಿ.ಪಿ., ಸಕ್ಕರೆ ಮಾತ್ರೆ ಎರಡು ದಿನಕ್ಕೆ ಹೆಚ್ಚಿಗೆ ಇರಲಿ. ತುರ್ತಿಗೆ 112, ರೈಲಿಗೆ 139. ವಾಟ್ಸಪ್ ಸ್ಟೇಟಸ್ಸಿನಲ್ಲಿ ಗಡಿ, ಧರ್ಮ, ಮಹಾಪುರುಷರು ಬೇಡ. 2023ರ ಜೂನ್‌ನಲ್ಲಿ ಕೊಲ್ಲಾಪುರ ಹೊತ್ತಿಕೊಂಡದ್ದು ಸ್ಟೇಟಸ್ಸಿನಿಂದಲೇ, ಆಗ ಅಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರು. ಕೊಲ್ಲಾಪುರ ನಿಮ್ಮ ದಾರಿಯಲ್ಲೇ ಇದೆ. ಕೈಯಲ್ಲಿ ಒಂದಿಷ್ಟು ನಗದು, ಟಿಕೆಟಿನ ಪ್ರಿಂಟ್ ಇರಲಿ.